ಗೇಟಿನಲ್ಲಿ ಜ್ವರ ನೋಡಿದರೆ ಸಾಕೇ? ಡೇ ಕೇರ್‌ನಲ್ಲಿ ಸೋಂಕು ಹರಡುವ ದಾರಿಗಳು

2022ರ ಜೂನ್. ಮಂಗಳೂರಿನ ಬಿಜೈಯಲ್ಲಿ ಬೆಳಿಗ್ಗೆ ಎಂಟೂಕಾಲು, ಜೋರು ಮಳೆ. ಸ್ಕೂಟರಿನ ಮುಂದೆ ರೈನ್‌ಕೋಟ್ ಹಾಕಿ ನಿಲ್ಲಿಸಿಕೊಂಡು ಬಂದ ಎರಡೂವರೆ ವರ್ಷದ ಮಗಳನ್ನು ಡೇ ಕೇರ್ ಗೇಟಿನಲ್ಲಿ ಇಳಿಸಿದೆ. ಆಯಾ ಥರ್ಮಲ್ ಗನ್ ಹಿಡಿದು ಅವಳ ಹಣೆಗೆ ತೋರಿಸಿದರು. 36.2. ಹಸಿರು ದೀಪ. "ಬಾ ಪುಟ್ಟಿ" ಅಂತ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಏಳು ಗಂಟೆಗೆ ಮಗಳ ಮೈ ಬೆಚ್ಚಗಿತ್ತು, ನಾನು ಪ್ಯಾರಾಸಿಟಮಾಲ್ ಸಿರಪ್ ಕುಡಿಸಿದ್ದೆ. ನನಗೆ ಹತ್ತಕ್ಕೆ ಮೀಟಿಂಗ್, ಹೆಂಡತಿಗೆ ರಜೆ ಉಳಿದಿರಲಿಲ್ಲ. "ಸಣ್ಣ ಬಿಸಿ, ಮಳೆಗೆ ಆಗಿರಬೇಕು" ಅಂತ ನಮಗೆ ನಾವೇ ಹೇಳಿಕೊಂಡೆವು. ಹನ್ನೆರಡಕ್ಕೆ ಟೀಚರ್ ಫೋನ್ ಮಾಡಿದರು: "ಮಗುವಿಗೆ ಜ್ವರ ಉಂಟು, ಸ್ವಲ್ಪ ಬೇಗ ಬರ್ತೀರಾ?" ಸಂಜೆ ಮನೆಯಲ್ಲಿ ಕೊರೊನಾ ಕಿಟ್ ಹಾಕಿ ನೋಡಿದರೆ ಎರಡು ಗೆರೆ. ಮುಂದಿನ ಒಂದು ವಾರದಲ್ಲಿ ಅವಳ ಕೋಣೆಯ ಇನ್ನೂ ಮೂರು ಮಕ್ಕಳಿಗೆ ಬಂತು, ಒಬ್ಬರು ಟೀಚರಿಗೂ ಬಂತು. ಎಲ್ಲರೂ ಹುಷಾರಾದರು. ಆದರೆ ಆ ಟೀಚರ್ ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆ ಇದ್ದಾರೆ ಅಂತ ಆಮೇಲೆ ಗೊತ್ತಾದಾಗ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಗನ್ ಸುಳ್ಳು ಹೇಳಲಿಲ್ಲ. ಅದು ಅಳೆಯುವುದು ಹಣೆಯ ಚರ್ಮದ ಬಿಸಿಯನ್ನು. ಮಳೆಗಾಳಿಗೆ ಮುಖ ಕೊಟ್ಟು ಬಂದ ಮಗುವಿನ ಹಣೆ ತಣ್ಣಗೇ ಇರುತ್ತದೆ, ಒಳಗೆ ಜ್ವರ ಇದ್ದರೂ. ಪ್ಯಾರಾಸಿಟಮಾಲ್ ನಾಲ್ಕರಿಂದ ಆರು ಗಂಟೆ ಜ್ವರವನ್ನು ಅಡಗಿಸಿ ಇಡುತ್ತದೆ. ಏಳಕ್ಕೆ ಕುಡಿಸಿದ್ದರ ಪವರ್ ಹನ್ನೆರಡಕ್ಕೆ ಇಳಿಯಿತು, ಲೆಕ್ಕ ಸರಿಯಾಗಿಯೇ ಇದೆ. ಇನ್ನೊಂದು ತೊಂದರೆ ಇವೆರಡಕ್ಕಿಂತ ದೊಡ್ಡದು. ಕೊರೊನಾ ಬಂದವರು ಜ್ವರ, ಕೆಮ್ಮು ಕಾಣುವ ಸುಮಾರು ಎರಡು ದಿನ ಮೊದಲೇ ಬೇರೆಯವರಿಗೆ ಅಂಟಿಸಲು ಶುರು ಮಾಡಿರುತ್ತಾರೆ. ಫ್ಲೂ ಆದರೆ ಒಂದು ದಿನ ಮೊದಲು. ದಡಾರ ಮೈಮೇಲೆ ಗುಳ್ಳೆ ಏಳುವ ನಾಲ್ಕು ದಿನ ಮೊದಲಿನಿಂದ. ಅಂದರೆ ಅತ್ಯಂತ ಪ್ರಾಮಾಣಿಕ ಅಪ್ಪ ಅಮ್ಮ, ಅತ್ಯಂತ ಒಳ್ಳೆಯ ಥರ್ಮಾಮೀಟರ್ ಇದ್ದರೂ ಒಂದಷ್ಟು ಸೋಂಕು ಗೇಟು ದಾಟಿ ಒಳಗೆ ಬಂದೇ ಬರುತ್ತದೆ. ಬಂದ ಮೇಲೆ ಅದು ಎಷ್ಟು ದೂರ ಹೋಗುತ್ತದೆ ಎನ್ನುವುದು ಮಾತ್ರ ನಮ್ಮ ಕೈಯಲ್ಲಿದೆ.

ದೊಡ್ಡವರಿಗಾದರೆ "ದೂರ ಕೂತ್ಕೊಳ್ಳಿ, ಮಾಸ್ಕ್ ಹಾಕಿ, ಮುಖ ಮುಟ್ಟಬೇಡಿ" ಅನ್ನಬಹುದು. ನನ್ನ ಮಗಳು ಬಿಸ್ಕತ್ತನ್ನು ಅರ್ಧ ಕಚ್ಚಿ ಉಳಿದರ್ಧವನ್ನು ಪಕ್ಕದವನ ಬಾಯಿಗೆ ಇಡುತ್ತಾಳೆ. ಅವನು ಬೇಡ ಅಂದರೆ ಅಳುತ್ತಾಳೆ! ಅವಳ ಮಟ್ಟಿಗೆ ಅದು ಒಳ್ಳೆಯ ಗುಣ, ನಾವೇ ಕಲಿಸಿದ್ದು. ಇಂಥವರಿಗೆ ನಿಯಮ ಹೇಳಿ ಉಪಯೋಗ ಇಲ್ಲ. ನಿಯಮಗಳನ್ನು ಹಾಕಬೇಕಾದದ್ದು ಕೋಣೆಗೆ, ಗಡಿಯಾರಕ್ಕೆ, ದೊಡ್ಡವರಿಗೆ. ಕಿಟಕಿ ಎಷ್ಟು ತೆರೆದಿದೆ, ಯಾರು ಯಾವ ಕೋಣೆಗೆ ಹೋಗುತ್ತಾರೆ, ಡೈಪರ್ ಬದಲಾಯಿಸಿದ ಕೈ ಮುಂದೆ ಏನು ಮುಟ್ಟುತ್ತದೆ, ಜ್ವರ ಬಂದ ಮಗುವಿನ ಅಮ್ಮನಿಗೆ ರಜೆ ಸಿಗುತ್ತದಾ. ಕೆಲಸ ಇರುವುದು ಇಲ್ಲಿ.

ಹಾಗಾದರೆ ಮಹಾಮಾರಿ ಬಂದಾಗ ಡೇ ಕೇರ್ ಮುಚ್ಚಿಬಿಡುವುದೇ ವಾಸಿ ಅಲ್ವಾ? ಅಷ್ಟು ಸುಲಭ ಇಲ್ಲ. 2020ರಲ್ಲಿ, ಮಹಾಮಾರಿಯ ಮೊದಲ ತಿಂಗಳುಗಳಲ್ಲಿ, ಅಮೆರಿಕದಲ್ಲಿ 57,000ಕ್ಕೂ ಹೆಚ್ಚು ಮಕ್ಕಳ ಪಾಲಕಿಯರನ್ನು ಯೇಲ್ ವಿಶ್ವವಿದ್ಯಾಲಯದ ತಂಡ ಕೇಳಿ ನೋಡಿತು. ಡೇ ಕೇರ್ ತೆರೆದು ಕೆಲಸ ಮಾಡಿದವರಿಗೂ ಮನೆಯಲ್ಲಿ ಕೂತವರಿಗೂ ಸೋಂಕು ಬಂದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರೆಲ್ಲ ಸಣ್ಣ ಗುಂಪು, ಕೈ ತೊಳೆಯುವುದು, ತಪಾಸಣೆ ಎಲ್ಲ ಬಿಗಿಯಾಗಿ ಪಾಲಿಸುತ್ತಿದ್ದ ಸಮಯ ಅದು. ಇನ್ನೊಂದು ಕಡೆಯ ಚಿತ್ರವೂ ಇದೆ. ಅದೇ ವರ್ಷ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಮೂರು ಡೇ ಕೇರ್‌ಗಳಲ್ಲಿ 12 ಮಕ್ಕಳಿಗೆ ಸೋಂಕು ತಗಲಿತು. ಆ ಮಕ್ಕಳ ಹೊರಗಿನ ಸಂಪರ್ಕದಲ್ಲಿದ್ದ 46 ಮಂದಿಯಲ್ಲಿ ಕನಿಷ್ಠ 12 ಮಂದಿಗೆ ಅದು ಹೋಯಿತು. ಎಂಟು ತಿಂಗಳ ಒಂದು ಕೂಸು ಅಪ್ಪ ಅಮ್ಮ ಇಬ್ಬರಿಗೂ ಅಂಟಿಸಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಡೇ ಕೇರ್ ಹೇಗಿದ್ದರೂ ಅಪಾಯ ಅನ್ನುವುದು ತಪ್ಪು, ಮಕ್ಕಳಿಂದ ಹರಡುವುದೇ ಇಲ್ಲ ಅನ್ನುವುದೂ ತಪ್ಪು.

ಬಂಗುಡೆ ವಾಸನೆಯ ಲೆಕ್ಕ

ಒಂದು ಕೆಲಸ ಮಾತ್ರ ಮಾಡಲು ಆಗುತ್ತದೆ ಅಂತಿದ್ದರೆ ಗಾಳಿಯನ್ನು ಸರಿ ಮಾಡಿ. ಇದು ನನ್ನ ಅಭಿಪ್ರಾಯ. ಆದರೆ ಹಿಂದೆ ಆಧಾರ ಇದೆ.

ಅಡುಗೆಮನೆಯಲ್ಲಿ ಬಂಗುಡೆ ಮೀನು ಕಾಯಿಸಿದರೆ ಹಾಲ್‌ನಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಕಾವಲಿಯಿಂದ ಸಿಡಿದ ಎಣ್ಣೆ ಹನಿ ಅಡಿ ಎರಡಡಿ ದೂರ ಬಿದ್ದು ಅಲ್ಲೇ ನಿಲ್ಲುತ್ತದೆ. ವಾಸನೆ ಮಾತ್ರ ಬಾಗಿಲು ದಾಟಿ ಬರುತ್ತದೆ. ಬಾಯಿ ಮೂಗಿನಿಂದ ಹೊರಡುವುದರಲ್ಲಿಯೂ ಈ ಎರಡು ಬಗೆ ಇವೆ. ಸೀನಿದಾಗ ಹಾರುವ ದಪ್ಪ ಹನಿ ಬೇಗ ನೆಲಕ್ಕೆ ಬೀಳುತ್ತದೆ. ಮಾತಾಡಿದಾಗ, ಅತ್ತಾಗ, ಬರೀ ಉಸಿರಾಡಿದಾಗಲೂ ಬರುವ ಅತಿ ಸಣ್ಣ ಕಣಗಳು ಗಾಳಿಯಲ್ಲಿ ತೇಲುತ್ತಾ ಇರುತ್ತವೆ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಕೊಟ್ಟ ಸೂಚನೆಯಲ್ಲೂ ಇದೇ ಇತ್ತು: ದಪ್ಪ ಹನಿ 2 ಮೀಟರ್ ಒಳಗೆ ಬೀಳುತ್ತದೆ, ಸಣ್ಣ ಕಣ 10 ಮೀಟರ್‌ವರೆಗೆ ಹೋಗಬಹುದು. ದಡಾರದ ವೈರಸ್ ಅಂತೂ ರೋಗಿ ಎದ್ದು ಹೋದ ಮೇಲೆ ಎರಡು ಗಂಟೆಯವರೆಗೆ ಆ ಕೋಣೆಯಲ್ಲಿ ಉಳಿದಿರಬಲ್ಲದು.

ಈಗ ಮಧ್ಯಾಹ್ನದ ನಿದ್ದೆಯ ಕೋಣೆಯನ್ನು ನೆನಪಿಸಿಕೊಳ್ಳಿ. ಊಟ ಆಯಿತು. ಹದಿನಾಲ್ಕು ಚಾಪೆ ಸಾಲಾಗಿ ಹಾಸಿದೆ. ಸೊಳ್ಳೆ ಬರುತ್ತದೆ ಅಂತ ಕಿಟಕಿ ಹಾಕಿದೆ, ಸೆಕೆ ಅಂತ ಎಸಿ ಹಾಕಿದೆ, ಬೆಳಕು ಬಾರದ ಹಾಗೆ ಪರದೆ ಎಳೆದಿದೆ. ಒಂದು ಒಂದೂವರೆ ಗಂಟೆ ಎಲ್ಲರೂ ಅಲ್ಲೇ ಉಸಿರಾಡುತ್ತಾರೆ. ಇಡೀ ದಿನದಲ್ಲಿ ಅತ್ಯಂತ ಶಾಂತವಾದ ಹೊತ್ತು ಅದು, ಟೀಚರಿಗೂ ಸ್ವಲ್ಪ ಬೆನ್ನು ಚಾಚಲು ಸಿಗುವ ಹೊತ್ತು. ಸೋಂಕಿಗೆ ಅತ್ಯಂತ ಅನುಕೂಲವಾದ ಹೊತ್ತೂ ಅದೇ.

ನಮ್ಮಲ್ಲಿ ಎಸಿ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಮನೆಗೆ, ಅಂಗಡಿಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನಿಂದ ಗಾಳಿ ತರುವುದಿಲ್ಲ. ಒಳಗಿನದನ್ನೇ ಎಳೆದು ತಣ್ಣಗೆ ಮಾಡಿ ಮತ್ತೆ ಒಳಗೇ ಬಿಡುತ್ತದೆ. 2020ರ ಜನವರಿಯಲ್ಲಿ ಚೀನಾದ ಗುವಾಂಗ್‌ಝೌ ನಗರದ ಕಿಟಕಿ ಇಲ್ಲದ ಒಂದು ಹೋಟೆಲಿನಲ್ಲಿ ಅಕ್ಕಪಕ್ಕದ ಮೂರು ಟೇಬಲಿನಲ್ಲಿ ಊಟ ಮಾಡಿದ ಮೂರು ಕುಟುಂಬಗಳ 10 ಮಂದಿಗೆ ಕೊರೊನಾ ಬಂತು. ಎಸಿಯ ಗಾಳಿ ಆ ಮೂರು ಟೇಬಲಿನ ನಡುವೆಯೇ ಸುತ್ತು ಹೊಡೆಯುತ್ತಿತ್ತು. ಸೀಲಿಂಗ್ ಫ್ಯಾನಿನ ಕತೆಯೂ ಬೇರೆ ಇಲ್ಲ. ಕಿಟಕಿ ತೆರೆದಿದ್ದರೆ ಅದು ಸಹಾಯ ಮಾಡುತ್ತದೆ, ಮುಚ್ಚಿದ್ದರೆ ಸುಮ್ನೆ ಕಲಕುತ್ತದೆ.

ಕೋಣೆಯ ಗಾಳಿ ಹಳಸಿದೆಯಾ ಅಂತ ತಿಳಿಯಲು ಇಂಗಾಲದ ಡೈಆಕ್ಸೈಡ್ ಅಳೆಯುವ ಅಂಗೈ ಅಗಲದ ಮೀಟರ್ ಸಿಗುತ್ತದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಕೋಣೆಯಲ್ಲಿ 800 ತೋರಿಸಿದರೆ, ನೀವು ಎಳೆದುಕೊಳ್ಳುವ ನೂರು ಉಸಿರಿನಲ್ಲಿ ಒಂದರಷ್ಟು ಗಾಳಿ ಈಗಾಗಲೇ ಯಾರದೋ ಶ್ವಾಸಕೋಶಕ್ಕೆ ಹೋಗಿ ಬಂದದ್ದು. 2000 ತೋರಿಸಿದರೆ ನೂರರಲ್ಲಿ ನಾಲ್ಕು. ಬಾಗಿಲು ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ಹತ್ತಾರು ಮಂದಿ ಮಲಗಿದರೆ 2000 ದಾಟುವುದು ಅಪರೂಪ ಏನಲ್ಲ. ಈ ಲೆಕ್ಕ ಕೇಳಿದ ಮೇಲೆ ನನಗೆ ಗೊತ್ತಿರುವ ಒಬ್ಬರು ಟೀಚರ್ "ಶ್ಶೀ" ಅಂದರು. ಮಾರನೇ ದಿನ ನಿದ್ದೆ ಕೋಣೆಯ ಎರಡೂ ಕಿಟಕಿಗೆ ಸೊಳ್ಳೆ ಬಲೆ ಹೊಡೆಸಲು ಬಡಗಿಯನ್ನು ಕರೆಸಿದರು. ನಾನು ಹೇಳಿದ ಬೇರೆ ಯಾವ ಮಾತಿಗೂ ಇಷ್ಟು ಬೇಗ ಫಲ ಸಿಕ್ಕಿಲ್ಲ.

ನಮ್ಮ ಊರಿನ ನಿಜವಾದ ಕಷ್ಟ ಮಳೆಗಾಲ. ಕಿಟಕಿ ತೆರೆದಿಡಿ ಅನ್ನುವುದು ಸುಲಭ. ಜುಲೈಯಲ್ಲಿ ಕಡಲ ಕಡೆಯಿಂದ ಮಳೆ ಅಡ್ಡ ಹೊಡೆಯುವಾಗ ಪಡುವಣ ಕಿಟಕಿ ತೆರೆದರೆ ಚಾಪೆ, ಮಗು, ಟೀಚರ್ ಎಲ್ಲ ಒದ್ದೆ. ಹಳೆಯ ಹಂಚಿನ ಮನೆಗಳಲ್ಲಿ ಈ ತೊಂದರೆ ಕಡಿಮೆ. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಆ ಕೆಂಪು ಹಂಚಿನ ಮಾಡು (ಛಾವಣಿ) ಎತ್ತರ, ಹಂಚುಗಳ ಸಂದಿಯಲ್ಲಿ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಮಾಡು ಮುಂದಕ್ಕೆ ಇಳಿದಿರುವುದರಿಂದ ಜಗಲಿಯ ಕಿಟಕಿ ಮಳೆಗೂ ತೆರೆದಿರಬಹುದು. ಅಂಥ ಮನೆಯಲ್ಲಿ ನಡೆಯುವ ಬೇಬಿ ಸಿಟ್ಟಿಂಗ್ ನೋಡಲು ಹಳೆಯದಾಗಿ ಕಂಡರೂ ಗಾಳಿಯ ಮಟ್ಟಿಗೆ ಅಪಾರ್ಟ್‌ಮೆಂಟಿನ ಫಾಲ್ಸ್ ಸೀಲಿಂಗ್ ಕೋಣೆಗಿಂತ ಎಷ್ಟೋ ಮೇಲು. ಡೇ ಕೇರ್ ಹುಡುಕುವವರು ಗೋಡೆಯ ಕಾರ್ಟೂನ್ ನೋಡುತ್ತಾರೆ, ಮಾಡು ನೋಡುವುದಿಲ್ಲ!

ಫ್ಲ್ಯಾಟಿನಲ್ಲಿ ನಡೆಸುವವರಿಗೆ ದಾರಿ ಎಕ್ಸಾಸ್ಟ್ ಫ್ಯಾನ್. ಲೆಕ್ಕ ಹೀಗೆ. 12 ಅಡಿಗೆ 15 ಅಡಿ, ಎತ್ತರ 10 ಅಡಿ ಇರುವ ಕೋಣೆಯಲ್ಲಿ ಸುಮಾರು 51 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲ ಅಷ್ಟೂ ಗಾಳಿ ಬದಲಾಗಬೇಕು ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಗುರಿ ಹಾಕಿಕೊಟ್ಟಿತು. ಅಂದರೆ ಗಂಟೆಗೆ 255 ಘನ ಮೀಟರ್. ಫ್ಯಾನಿನ ಡಬ್ಬದ ಮೇಲೆ ಗಂಟೆಗೆ ಎಷ್ಟು ಗಾಳಿ ಎಳೆಯುತ್ತದೆ ಅಂತ ಬರೆದಿರುತ್ತದೆ, ಅಡುಗೆಮನೆಗೆ ಹಾಕುವ ಬಹುಪಾಲು ಫ್ಯಾನು ಇದಕ್ಕಿಂತ ಜಾಸ್ತಿಯೇ ಎಳೆಯುತ್ತವೆ. ಎರಡು ವಿಷಯ ನೋಡಿಕೊಳ್ಳಬೇಕು. ಫ್ಯಾನಿನ ಎದುರು ಬದಿಯಲ್ಲಿ ಗಾಳಿ ಒಳಗೆ ಬರಲು ಒಂದು ಕಿಂಡಿಯಾದರೂ ತೆರೆದಿರಬೇಕು, ಇಲ್ಲದಿದ್ದರೆ ಅದು ಟಾಯ್ಲೆಟ್ಟಿನ ಗಾಳಿಯನ್ನು ಎಳೆದು ತರುತ್ತದೆ. ಮತ್ತೆ ಅದು ಹೊರಗೆ ದೂಡುವುದು ಬಯಲಿಗೆ ಇರಬೇಕು, ಪಕ್ಕದ ಕೋಣೆಗಲ್ಲ. ಒಂದು ಊದುಬತ್ತಿ ಹಚ್ಚಿ ಹೊಗೆ ಯಾವ ಕಡೆ ಹೋಗುತ್ತದೆ ಅಂತ ನೋಡಿದರೆ ಎಲ್ಲ ತಿಳಿಯುತ್ತದೆ. ಮಕ್ಕಳು ಮನೆಗೆ ಹೋದ ಮೇಲೆ ಮಾಡಿ ಅಷ್ಟೇ. ಗಾಳಿ ಬದಲಾಯಿಸಲು ಸಾಧ್ಯವೇ ಇಲ್ಲದ ಕೋಣೆಗೆ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಇಡಬಹುದು. ಅದು ತೇಲುವ ಕಣಗಳನ್ನು ಹಿಡಿಯುತ್ತದೆ, ಗಾಳಿಯ ಉಸಿರುಗಟ್ಟುವಿಕೆಯನ್ನು ಕಡಿಮೆ ಮಾಡುವುದಿಲ್ಲ.

ಇದರಿಂದ ಫಲ ಸಿಗುತ್ತದಾ? 2020ರ ಕೊನೆಯಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ 169 ಪ್ರಾಥಮಿಕ ಶಾಲೆಗಳನ್ನು ಹೋಲಿಸಿ ನೋಡಿದ್ದರು. ಗಾಳಿಯ ವ್ಯವಸ್ಥೆ ಸುಧಾರಿಸಿದ ಶಾಲೆಗಳಲ್ಲಿ ಕೊರೊನಾ ಪ್ರಮಾಣ ಶೇ. 39 ಕಡಿಮೆ ಇತ್ತು. ಕಿಟಕಿ, ಬಾಗಿಲು, ಫ್ಯಾನಿನ ಜೊತೆ ಫಿಲ್ಟರನ್ನೂ ಬಳಸಿದ ಕಡೆ ಶೇ. 48 ಕಡಿಮೆ. ಅದೇ ಅಧ್ಯಯನದಲ್ಲಿ ಟೀಚರ್ ಮತ್ತು ಸಿಬ್ಬಂದಿ ಮಾಸ್ಕ್ ಹಾಕಬೇಕು ಅಂತ ನಿಯಮ ಇದ್ದ ಶಾಲೆಗಳಲ್ಲಿ ಶೇ. 37 ಕಡಿಮೆ.

ಮಾಸ್ಕ್ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಐದು ವರ್ಷ ಮತ್ತು ಅದಕ್ಕಿಂತ ಸಣ್ಣ ಮಕ್ಕಳಿಗೆ ಮಾಸ್ಕ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು, ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2022ರ ಜನವರಿಯಲ್ಲಿ ಅದನ್ನೇ ಹೇಳಿತು. ಎರಡು ವರ್ಷದೊಳಗಿನವರಿಗೆ ಹಾಕಿದರೆ ಉಸಿರಿಗೇ ಅಪಾಯ. ಹಾಕಬೇಕಾದವರು ದೊಡ್ಡವರು, ಚೆನ್ನಾಗಿ ಕೂರುವ ಮಾಸ್ಕ್, ಮೂಗಿನ ಮೇಲೆ. ಮಕ್ಕಳಿಗೆ ಮಾತು ಕಲಿಸುವಾಗ ತುಟಿ ಕಾಣಬೇಕಲ್ಲ ಅಂತ ಟೀಚರ್‌ಗಳು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಆ ಪಾಠವನ್ನು ಅಂಗಳಕ್ಕೆ ಒಯ್ದರೆ ಆಯಿತು.

276 ಮತ್ತು 60

ಒಂದು ಹಾಲ್‌ನಲ್ಲಿ 24 ಮಕ್ಕಳು ಒಟ್ಟಿಗೆ ಆಡಿದರೆ ಎಷ್ಟು ಜೋಡಿ ಆಗುತ್ತದೆ? ಒಬ್ಬೊಬ್ಬರಿಗೂ ಉಳಿದ 23 ಮಂದಿ. ಒಟ್ಟು 276 ಜೋಡಿ, ಅಂದರೆ ಸೋಂಕು ದಾಟಬಹುದಾದ 276 ಸಂಕ (ಕಾಲುಸೇತುವೆ). ಅವರನ್ನೇ ಆರಾರು ಮಂದಿಯ ನಾಲ್ಕು ಗುಂಪು ಮಾಡಿ ಬೇರೆ ಬೇರೆ ಕೋಣೆಯಲ್ಲಿ ಇಟ್ಟರೆ ಒಂದು ಗುಂಪಿನಲ್ಲಿ 15 ಜೋಡಿ, ಒಟ್ಟು 60. ಮಕ್ಕಳು ಅಷ್ಟೇ, ಟೀಚರ್‌ಗಳು ಅಷ್ಟೇ. ಇನ್ನೂ ಒಂದು ಲಾಭ ಇದೆ: ಒಂದು ಗುಂಪಿನಲ್ಲಿ ಜ್ವರ ಕಂಡರೆ ಆ ಆರು ಮಂದಿಗೆ ರಜೆ ಕೊಟ್ಟರೆ ಸಾಕಾಗಬಹುದು, 24 ಮನೆಗಳ ಕೆಲಸ ಕೆಡುವುದಿಲ್ಲ.

ಕಾಗದದಲ್ಲಿ ಚೆಂದ. ದಿನದಲ್ಲಿ ಇದು ಸೋರುವುದು ಎರಡು ಕಡೆ. ಮೊದಲನೆಯದು ಬೆಳಿಗ್ಗೆ ಎಂಟರಿಂದ ಒಂಬತ್ತು, ಸಂಜೆ ಐದರಿಂದ ಆರೂವರೆ. ಆಗ ಮಕ್ಕಳು ಕಡಿಮೆ ಇರುತ್ತಾರೆ, ಇಬ್ಬರು ಟೀಚರ್ ಹೊರಟಿರುತ್ತಾರೆ, ಉಳಿದವರನ್ನೆಲ್ಲ ಒಂದೇ ಕೋಣೆಗೆ ಹಾಕಿ ಟಿವಿ ಹಾಕುತ್ತಾರೆ. ಇಡೀ ದಿನ ಬೇರೆ ಇಟ್ಟ ಗುಂಪುಗಳು ಒಂದೂವರೆ ಗಂಟೆಯಲ್ಲಿ ಒಂದಾಗುತ್ತವೆ. ಮಹಾಮಾರಿಯ ಕಾಲದಲ್ಲಿ ಈ ಹೊತ್ತನ್ನು ಜಗಲಿಯಲ್ಲೋ ಅಂಗಳದಲ್ಲೋ ಕಳೆಯಬೇಕು, ಮಳೆಯಾದರೆ ಅತಿ ಹೆಚ್ಚು ಕಿಟಕಿ ಇರುವ ಕೋಣೆಯಲ್ಲಿ. ಎರಡನೆಯದು ಆಯಾ. ಎಲ್ಲ ಗುಂಪಿಗೂ ಊಟ ಬಡಿಸುವವರು, ಎಲ್ಲರ ಮೂಗೊರೆಸುವವರು, ಟೀಚರ್ ಬಾತ್‌ರೂಮಿಗೆ ಹೋದರೆ ಕೂರುವವರು ಅವರೊಬ್ಬರೇ. ಅವರಿಗೆ ಒಳ್ಳೆಯ ಮಾಸ್ಕ್, ಮೊದಲ ಲಸಿಕೆ, ಮೊದಲ ಪರೀಕ್ಷೆ ಸಿಗಬೇಕು. ನಾವು ಸಾಮಾನ್ಯವಾಗಿ ಅವರನ್ನು ಕೊನೆಗೆ ನೆನಪಿಸಿಕೊಳ್ಳುತ್ತೇವೆ.

ಅಪ್ಪ ಅಮ್ಮಂದಿರು ಚಪ್ಪಲಿ ಬಿಟ್ಟು ಒಳಗೆ ಬಂದು ಕೋಣೆಯವರೆಗೆ ಬಿಡುವ ಅಭ್ಯಾಸವನ್ನೂ ನಿಲ್ಲಿಸಬೇಕಾಗುತ್ತದೆ. ಮೊದಲ ವಾರ ಗೇಟಿನಲ್ಲಿ ಅಳು ಜೋರಾಗಿರುತ್ತದೆ. ಆಮೇಲೆ ಮಕ್ಕಳಿಗೆ ಅಭ್ಯಾಸ ಆಗುತ್ತದೆ, ಅಪ್ಪಂದಿರಿಗೆ ಸ್ವಲ್ಪ ಸಮಯ ಬೇಕು.

ಸ್ಯಾನಿಟೈಸರ್ ಮೇಲಿನ ನಂಬಿಕೆ

2020ರಲ್ಲಿ ನಾವೆಲ್ಲ ತರಕಾರಿಗೂ ಸೋಪು ಹಾಕಿದವರು. ಆಮೇಲೆ ಗೊತ್ತಾಯಿತು, ಮುಟ್ಟಿದ ವಸ್ತುವಿನಿಂದ ಕೊರೊನಾ ಬರುವುದು ಬಹಳ ಕಡಿಮೆ. ಸಾಮಾನ್ಯವಾಗಿ ಹತ್ತು ಸಾವಿರ ಸಲ ಸೋಂಕಿರುವ ಜಾಗ ಮುಟ್ಟಿದರೆ ಒಂದಕ್ಕಿಂತಲೂ ಕಡಿಮೆ ಅಂತ ಸಿಡಿಸಿ 2021ರ ಏಪ್ರಿಲ್‌ನಲ್ಲಿ ಹೇಳಿತು. ಹಾಗಂತ ಡೇ ಕೇರ್‌ನಲ್ಲಿ ಕೈ ತೊಳೆಯುವುದನ್ನು ಬಿಡುವ ಹಾಗಿಲ್ಲ, ಏಕೆಂದರೆ ಅಲ್ಲಿ ಸುತ್ತುವ ಕಾಯಿಲೆ ಕೊರೊನಾ ಒಂದೇ ಅಲ್ಲ.

2022ರ ಮೇ ತಿಂಗಳಲ್ಲಿ ಕೇರಳದ ಕೊಲ್ಲಂನಲ್ಲಿ ಸಣ್ಣ ಮಕ್ಕಳಿಗೆ ಬಂದ "ಟೊಮೆಟೊ ಜ್ವರ" ನೆನಪಿರಬಹುದು. ಗಡಿಯ ಈಚೆ ನಮ್ಮ ಜಿಲ್ಲೆಯಲ್ಲೂ ಅದರದೇ ಮಾತು. ಅದು ಹೊಸ ಕಾಯಿಲೆ ಅಲ್ಲ, ಕೈ ಕಾಲು ಬಾಯಿ ರೋಗದ ಇನ್ನೊಂದು ರೂಪ ಎನ್ನುವುದು ತಜ್ಞರ ತಿಳುವಳಿಕೆ. ಕಾಕ್ಸಾಕಿ ಗುಂಪಿನ ಎಂಟೆರೋವೈರಸ್‌ಗಳಿಂದ ಬರುತ್ತದೆ. ಇಂಥ ವೈರಸ್‌ಗಳಿಗೆ ಹೊರಗಿನ ಕೊಬ್ಬಿನ ಪೊರೆ ಇಲ್ಲ. ಕೊರೊನಾ, ಫ್ಲೂ ವೈರಸ್‌ಗಳಿಗೆ ಆ ಪೊರೆ ಇದೆ, ಆಲ್ಕೋಹಾಲ್ ಅದನ್ನು ಕರಗಿಸುತ್ತದೆ, ವೈರಸ್ ಸಾಯುತ್ತದೆ. ಪೊರೆಯೇ ಇಲ್ಲದ ಎಂಟೆರೋವೈರಸ್, ವಾಂತಿ ಬೇಧಿ ತರುವ ನೊರೋವೈರಸ್ ಮುಂದೆ ಸ್ಯಾನಿಟೈಸರ್ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಸೋಪು ಮತ್ತು ಹರಿಯುವ ನೀರು, ಉಜ್ಜಿ ಕೊಚ್ಚಿಕೊಂಡು ಹೋಗುವಂತೆ. ಗೇಟಿನಲ್ಲಿ ಎಲ್ಲರ ಕೈಗೂ ಸ್ಯಾನಿಟೈಸರ್ ಸುರಿದು ಒಳಗಿನ ಬೇಸಿನ್‌ನಲ್ಲಿ ಸೋಪು ಇಲ್ಲದ ಡೇ ಕೇರ್ ನಾನು ನೋಡಿದ್ದೇನೆ.

ಇಪ್ಪತ್ತು ಸೆಕೆಂಡು ಉಜ್ಜಬೇಕು ಅಂದರೆ ಮಕ್ಕಳಿಗೆ ಅರ್ಥ ಆಗುವುದಿಲ್ಲ. ಮಗಳ ಟೀಚರ್ ಮಕ್ಕಳಿಂದ ತುಳುವಿನಲ್ಲಿ ಎಣಿಕೆ ಹೇಳಿಸುತ್ತಾರೆ. ಒಂಜಿ, ರಡ್ಡ್, ಮೂಜಿ ಅಂತ ಶುರುವಾಗಿ ಇರ್ವಕ್ಕೆ ಮುಟ್ಟುವಾಗ ನಲ್ಲಿ ಬಿಡುತ್ತಾರೆ. ನಡುವೆ ಏಳೆಂಟು ಸಂಖ್ಯೆ ಹಾರಿಹೋಗುತ್ತವೆ, ಪರವಾಗಿಲ್ಲ.

ಇಲ್ಲಿ ನಿಧಾನವಾಗಿ ನೋಡಬೇಕಾದದ್ದು ಡೈಪರ್ ಬದಲಾಯಿಸುವ ಎರಡು ನಿಮಿಷ. ಕೈ ಕಾಲು ಬಾಯಿ ರೋಗ ಬಂದ ಮಗು ಹುಷಾರಾಗಿ ವಾರಗಳಾದ ಮೇಲೂ ಅದರ ಮಲದಲ್ಲಿ ವೈರಸ್ ಇರುತ್ತದೆ, ಹಾಗಾಗಿ ಪ್ರತಿ ಡೈಪರನ್ನೂ ಒಂದೇ ರೀತಿ ನೋಡಬೇಕು. ಹೊಸ ಡೈಪರ್, ಒರೆಸುವ ಬಟ್ಟೆ, ಚೀಲ ಎಲ್ಲ ಮೊದಲೇ ತೆಗೆದು ಇಟ್ಟುಕೊಳ್ಳುತ್ತಾರೆ. ನಡುವೆ ಬೀರು ತೆರೆಯಬೇಕಾದರೆ ಬೀರುವಿನ ಹಿಡಿಗೂ ಅಂಟಿತು. ಮಗುವನ್ನು ಮಲಗಿಸಿ, ಒರೆಸಿ, ಕೊಳಕು ಡೈಪರನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆಮೇಲೆ ಹೊಸದು. ನಂತರ ಮಗುವಿನ ಕೈಯನ್ನೂ ತೊಳೆಯಬೇಕು. ಇದನ್ನು ಹೆಚ್ಚಿನವರು ಬಿಡುತ್ತಾರೆ. ಆ ಹೊತ್ತಿಗೆ ಮಗುವಿನ ಕೈ ಎಲ್ಲೆಲ್ಲಿ ಹೋಗಿರುತ್ತದೆ ಅಂತ ಹೆತ್ತವರಿಗೆ ಗೊತ್ತು. ಕೊನೆಗೆ ಶೀಟ್ ಒರೆಸಿ ತಮ್ಮ ಕೈ ತೊಳೆಯುವುದು. ಮತ್ತೆ ಅದೇ ಕೈ ರಾಗಿ ಮಣ್ಣಿ ಕಲಸಲು ಹೋಗಬಾರದು. ಡೈಪರಿನ ಪಾಳಿಯವರು ಆ ಹೊತ್ತಿನಲ್ಲಿ ಅಡುಗೆಮನೆಗೆ ಬರಬಾರದು ಅಂತ ಒಂದು ಗೆರೆ ಎಳೆದರೆ ಅರ್ಧ ಸಮಸ್ಯೆ ಮುಗಿಯಿತು. ಇಬ್ಬರೇ ಇರುವ ಸಣ್ಣ ಬೇಬಿ ಸಿಟ್ಟಿಂಗ್‌ನಲ್ಲಿ ಇದು ಕಷ್ಟ, ಗೊತ್ತು. ಅಲ್ಲಿ ನಡುವೆ ಒಂದು ಸರಿಯಾದ ಕೈ ತೊಳೆಯುವಿಕೆ ಬಿಟ್ಟರೆ ಬೇರೆ ದಾರಿ ಇಲ್ಲ.

ವಾಂತಿ ಬೇಧಿ ಆದ ಜಾಗಕ್ಕೆ ಬ್ಲೀಚ್ ಬೇಕು. 5 ಶೇಕಡಾ ಇರುವ ದ್ರವವನ್ನು ಒಂದು ಲೀಟರ್ ನೀರಿಗೆ 20 ಮಿ.ಲೀ. ಹಾಕಿದರೆ ಸುಮಾರು 0.1 ಶೇಕಡಾ ಆಗುತ್ತದೆ. ಮೊದಲು ಗಲೀಜನ್ನು ಒರೆಸಿ ತೆಗೆಯಬೇಕು, ಅದರ ಮೇಲೆಯೇ ಸುರಿದರೆ ಬ್ಲೀಚಿನ ಶಕ್ತಿ ಗಲೀಜಿಗೇ ಮುಗಿದುಹೋಗುತ್ತದೆ. ದಿನಾ ಹೊಸದಾಗಿ ಕಲಸಿ. ಮಳೆಗಾಲದಲ್ಲಿ ಬಾವಿಗೆ ಹಾಕಿ ಉಳಿದ ಬ್ಲೀಚಿಂಗ್ ಪೌಡರ್ ಇದ್ದರೆ ಅದನ್ನು ನಂಬಬೇಡಿ, ತೇವಕ್ಕೆ ಅದರ ಕ್ಲೋರಿನ್ ಹಾರಿಹೋಗಿರುತ್ತದೆ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಯಾವತ್ತೂ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ಮಕ್ಕಳ ಮೇಲೆ, ಬ್ಯಾಗಿನ ಮೇಲೆ ಸಿಂಪಡಿಸುವುದಂತೂ ಬೇಡವೇ ಬೇಡ. ಬಾಯಿಗೆ ಹಾಕುವ ಆಟಿಕೆಗೆ ದಿನಾ ಸೋಪು ನೀರು, ಆಮೇಲೆ ಬಿಸಿಲು ಸಾಕು. ಬಿಸಿಲು ಇದ್ದರೆ!

ಮನೆಯಲ್ಲಿ ಇಟ್ಟುಕೊಳ್ಳುವ ಮಗು

ಈಗ ನನ್ನ ಸಿರಪ್‌ಗೆ ಬರುತ್ತೇನೆ. ಸುಳ್ಳು ಹೇಳುವ ಹೆತ್ತವರು ಕೆಟ್ಟವರಲ್ಲ, ರಜೆ ಇಲ್ಲದವರು. ನಿಯಮ ಎಷ್ಟು ಕಟ್ಟುನಿಟ್ಟು ಮಾಡುತ್ತೀರೋ ಅಷ್ಟು ಸಿರಪ್ ಖರ್ಚಾಗುತ್ತದೆ. ಮೂಗು ಸೋರುವ ಮಗುವನ್ನೆಲ್ಲ ವಾಪಸ್ ಕಳಿಸಿದರೆ ಆ ಡೇ ಕೇರ್ ಖಾಲಿಯಾಗುತ್ತದೆ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಶೀತ ಆಗುವುದು ಮಾಮೂಲು. ಆದ್ದರಿಂದ ನಿಯಮ ಸಣ್ಣದಾಗಿರಬೇಕು, ಎಲ್ಲರಿಗೂ ಬಾಯಿಪಾಠ ಆಗುವಷ್ಟು. 38 ಡಿಗ್ರಿ (100.4 ಫ್ಯಾರನ್‌ಹೀಟ್) ಅಥವಾ ಜಾಸ್ತಿ ಜ್ವರ ಇದ್ದರೆ ಬೇಡ, ಮದ್ದು ಇಲ್ಲದೆ ಜ್ವರ ಬಿಟ್ಟು 24 ಗಂಟೆ ಆದ ಮೇಲೆ ಬರಲಿ. ವಾಂತಿ ಬೇಧಿ ನಿಂತು ಎರಡು ದಿನ ಆಗಲಿ. ಆಟ ಆಡದೆ ಮಂಕಾಗಿ ಮಡಿಲಲ್ಲೇ ಕೂರುವ ಮಗು, ಜ್ವರ ಇಲ್ಲದಿದ್ದರೂ ಆ ದಿನ ಬೇಡ. ಬರೀ ಶೀತ ಇದ್ದರೆ ಮಾಮೂಲು ದಿನಗಳಲ್ಲಿ ಬರಲಿ, ಊರಿನಲ್ಲಿ ಮಹಾಮಾರಿ ಜೋರಿರುವಾಗ ಮಾತ್ರ ಪರೀಕ್ಷೆ ಮಾಡಿಸಿ ಬರಲಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಡೇ ಕೇರ್ ಮಾತು ಬಿಡಿ, ಸೀದಾ ಡಾಕ್ಟರ ಬಳಿ ಹೋಗಬೇಕು.

ನಿಯಮದ ಹಿಂದೆ ದುಡ್ಡಿನ ಪ್ರಶ್ನೆ ಇದೆ. ಮಗು ಬಾರದ ದಿನಕ್ಕೂ ಪೂರ್ತಿ ಫೀಸ್ ಹಿಡಿದರೆ ಜನ ಕಳಿಸುತ್ತಾರೆ. ಆಯಾಗೆ ಜ್ವರದ ದಿನ ಸಂಬಳ ಕಟ್ ಆದರೆ ಅವರೂ ಮಾತ್ರೆ ನುಂಗಿ ಬರುತ್ತಾರೆ. 2017ರ ತಿದ್ದುಪಡಿ ಆದ ಮೇಲೆ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಅಂತ ಬಂತು. ನರೇಗಾ ಕೂಲಿಗೆ ಹೋಗುತ್ತಿದ್ದ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆಯಿತು. ಮಗುವನ್ನು ಬಿಡುವ ಜಾಗದ ಬಗ್ಗೆ ಇಷ್ಟು ಯೋಚನೆ ಆಗಿದೆ. ಬಿಡಲು ಆಗದ ದಿನ ಯಾರು ಮನೆಯಲ್ಲಿರಬೇಕು ಅನ್ನುವುದಕ್ಕೆ ಉತ್ತರ ಇನ್ನೂ ಅವರವರ ಆಫೀಸಿನ ಬಾಸ್ ಮೂಡ್ ಮೇಲೆ ನಿಂತಿದೆ.

ಲಸಿಕೆಯ ಬಗ್ಗೆ ಒಂದೇ ಮಾತು. ನಮ್ಮ ದೇಶದ ಕೊರೊನಾ ಲಸಿಕೆ ಅಭಿಯಾನ 2022ರ ಮಾರ್ಚ್‌ನಲ್ಲಿ 12 ವರ್ಷದವರೆಗೆ ಇಳಿದು ಬಂತು, ಡೇ ಕೇರ್ ವಯಸ್ಸಿನವರೆಗೆ ಬರಲಿಲ್ಲ. ಹಾಗಾಗಿ ಸುತ್ತಲಿನ ದೊಡ್ಡವರು ಹಾಕಿಸಿಕೊಳ್ಳುವುದೇ ಮಕ್ಕಳಿಗೆ ಬೇಲಿ. ಫ್ಲೂ ಲಸಿಕೆ ಆರು ತಿಂಗಳಿನಿಂದಲೇ ಕೊಡಬಹುದು, ಮಳೆಗಾಲಕ್ಕೆ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ. ದಡಾರ, ರೋಟಾ ಲಸಿಕೆ ಸರ್ಕಾರದ ಪಟ್ಟಿಯಲ್ಲೇ ಇವೆ, ತಪ್ಪಿಸಿಕೊಳ್ಳಲು ಕಾರಣವೇ ಇಲ್ಲ.

ಇಷ್ಟೆಲ್ಲ ಮಾಡಿದರೆ ಸೋಂಕು ಬರುವುದೇ ಇಲ್ಲವಾ ಅಂತ ಕೇಳಿದರೆ, ನೀರ್ ದೋಸೆ ನೋಡಿ. ಒಂದೇ ದೋಸೆಯನ್ನು ಬೆಳಕಿಗೆ ಹಿಡಿದರೆ ತುಂಬಾ ತೂತು, ಆಚೆ ಕಡೆ ಕಾಣುತ್ತದೆ. ನಾಲ್ಕು ಮಡಿಕೆ ಮಾಡಿ ಹಿಡಿದರೆ ತೂತಿನ ಮೇಲೆ ತೂತು ಬೀಳುವುದು ಕಡಿಮೆ. ಕಿಟಕಿ, ಸಣ್ಣ ಗುಂಪು, ಸೋಪು, ರಜೆ ಎಲ್ಲವೂ ತೂತಿರುವ ದೋಸೆಗಳೇ.

ಒಳಗೆ ಜ್ವರ ಕಂಡ ದಿನ ಏನು ಮಾಡಬೇಕು ಎನ್ನುವುದನ್ನು ಮೊದಲೇ ಬರೆದಿಡಬೇಕು. ಮಗುವನ್ನು ಕರೆದೊಯ್ಯಲು ಬರುವವರೆಗೆ ಅದು ಜಗಲಿಯಲ್ಲೋ ಗಾಳಿ ಇರುವ ಸಣ್ಣ ಕೋಣೆಯಲ್ಲೋ ಇರಲಿ, ಆದರೆ ಒಬ್ಬಂಟಿಯಾಗಿ ಅಲ್ಲ. ಪರಿಚಯದ ಟೀಚರ್ ಮಾಸ್ಕ್ ಹಾಕಿ ಪಕ್ಕದಲ್ಲಿರಬೇಕು. ಗುಂಪಿನ ಉಳಿದ ಮನೆಗಳಿಗೆ ಅದೇ ದಿನ ತಿಳಿಸಬೇಕು, ಮಗುವಿನ ಹೆಸರು ಹೇಳದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆ ಜೂನ್‌ನಲ್ಲಿ ಹೆಸರು ಯಾರೂ ಹೇಳಲಿಲ್ಲ. ಆದರೂ "ಯಾರ ಮಗು ಮಾರಾಯ್ರೆ?" ಅಂತ ಹನ್ನೊಂದು ಮಂದಿ ಕೇಳಿದರು. ನಾನು ಸುಮ್ಮನಿದ್ದೆ.

ಮಗಳು ಹುಷಾರಾಗಿ ಮತ್ತೆ ಹೋದಾಗ ಗೇಟಿನಲ್ಲಿ ಗನ್ ಇರಲಿಲ್ಲ. ಒಂದು ಉದ್ದದ ನೋಟ್‌ಬುಕ್ ಇತ್ತು, ದಾರ ಕಟ್ಟಿದ ಪೆನ್ನು. ಮಗುವಿನ ಹೆಸರಿನ ಮುಂದೆ ಎರಡೇ ಪ್ರಶ್ನೆ: ಇವತ್ತು ಮದ್ದು ಕೊಟ್ಟಿದ್ದೀರಾ? ಎಷ್ಟು ಗಂಟೆಗೆ? ಕೆಳಗೆ ಕೈಬರಹದಲ್ಲಿ ಇನ್ನೊಂದು ಸಾಲು, ಜ್ವರಕ್ಕೆ ಮನೆಯಲ್ಲಿಟ್ಟ ದಿನದ ಫೀಸನ್ನು ಮುಂದಿನ ತಿಂಗಳ ಫೀಸಿನಲ್ಲಿ ಕಳೆಯುತ್ತೇವೆ.

ಆಗಸ್ಟಿನ ಒಂದು ಸೋಮವಾರ ನಾನು ಆ ಪುಸ್ತಕದಲ್ಲಿ "ಹೌದು, 6.40" ಅಂತ ಬರೆದೆ. ಬರೆಯುವವರೆಗೂ ಬಿಟ್ಟು ಹೋಗುವ ಯೋಚನೆಯೇ ಇತ್ತು. ಆಯಾ ಅದನ್ನು ಓದಿ, ಮಗಳ ರೈನ್‌ಕೋಟಿನ ಟೊಪ್ಪಿ ಮತ್ತೆ ತಲೆಗೆ ಎಳೆದು, "ಹಾಗಾದರೆ ಜ್ವರ ಬಿಟ್ಟ ಮೇಲೆ ಬಾ ಪುಟ್ಟಿ, ಆಯ್ತಾ?" ಅಂದರು. ನಾನು ಸ್ಕೂಟರ್ ತಿರುಗಿಸಿದೆ.